ಫ್ಲೋರ್ಯಾನನ ಬಿಟ್ಟಿ ಸೌದೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಗರಗಸದ ಪೆಟ್ರೋಲು, ಎಣ್ಣೆಗೆ ವರ್ಷಕ್ಕೆ ನೂರೈವತ್ತು ಯೂರೋ. ಕಾಡಿನಿಂದ ದಿಮ್ಮಿ ಎಳೆಯುವ ಟ್ರಾಕ್ಟರಿನ ಡೀಸೆಲ್ಲಿಗೆ ಇನ್ನೂರು. ಸವೆದ ಸರಪಳಿಗೆ ಅರವತ್ತು. ಸೊಂಟಕ್ಕೆ ಹಚ್ಚುವ ಮುಲಾಮಿಗೆ ಎಷ್ಟು ಎಂದು ಔಷಧಿ ಅಂಗಡಿಯವಳಿಗೇ ಗೊತ್ತು. ಇಷ್ಟಾದ ಮೇಲೂ ನಮ್ಮ ಫ್ಲೋರ್ಯಾನ್ ಅದನ್ನು ಬಿಟ್ಟಿ ಸೌದೆ ಎಂದೇ ಕರೆಯುತ್ತಿದ್ದ. ಕಾಡು ಅವನದು, ಮರ ಅವನದು, ತೋಳು ಅವನದು. ಆ ಸೌದೆಯನ್ನು ಮನೆ ಬೆಚ್ಚಗಿಡುವ ಬಾಯ್ಲರಿಗೆ ತಿನ್ನಿಸಲು ಅವನ ಹೆಂಡತಿ ತಿಲ್ಕಾ ಚಳಿಗಾಲವಿಡೀ ನೆಲಮಾಳಿಗೆಯ ಮೆಟ್ಟಿಲು ಇಳಿದು ಹತ್ತುತ್ತಿದ್ದಳಲ್ಲ, ಅದಕ್ಕೆ ಅವನು ಬೆಲೆಯನ್ನೇ ಕಟ್ಟಿರಲಿಲ್ಲ. ನಾವೂ ಯಾರೂ ಕಟ್ಟಿರಲಿಲ್ಲ.

ನಾನು ಪೊಲ್ದಾ. ಅವರ ಪಕ್ಕದ ಮನೆಯವಳು. ನನ್ನ ಕೋಳಿಗಳು ಅವರ ತೋಟದಲ್ಲಿ ಕೆದಕುತ್ತವೆ, ಅವರ ಬೆಕ್ಕು ನನ್ನ ಅಟ್ಟದಲ್ಲಿ ಮರಿ ಹಾಕುತ್ತದೆ. ಅಷ್ಟು ಹತ್ತಿರ. ಹಾಗಾಗಿ ನಮ್ಮ ರೈತ ಮಹಿಳೆಯರ ಸಂಘದವರು, ಈ ಸಂಗತಿಯನ್ನು ನೀನೇ ಹೇಳು ಎಂದರು. ಹೇಳಬಹುದೇ ಎಂದು ತಿಲ್ಕಾಳನ್ನೂ ಫ್ಲೋರ್ಯಾನನನ್ನೂ ಕೇಳಿದೆ. "ಹೇಳು, ಆದ್ರೆ ನನ್ನನ್ನ ತೀರಾ ಕತ್ತೆ ಮಾಡ್ಬೇಡ" ಎಂದ ಅವನು. ಅಷ್ಟು ಮಾತು ಉಳಿಸಿಕೊಳ್ಳಲು ಪ್ರಯತ್ನಪಡುತ್ತೇನೆ.

ಎಲ್ಲ ಶುರುವಾದದ್ದು ತಲೆನೋವಿನಿಂದ. ಅಕ್ಟೋಬರಿನಲ್ಲಿ ಅವರ ಮನೆಗೆ ಹೊಸ ಕಿಟಕಿಗಳು ಬಂದವು. ಗಾಳಿಯ ಒಂದು ಎಳೆಯನ್ನೂ ಒಳಗೆ ಬಿಡದಂಥವು. ಪರದೆ ಅಲುಗುವುದು ನಿಂತಿತು, ತಿಲ್ಕಾ ಖುಷಿಪಟ್ಟಳು. ನವೆಂಬರಿನಲ್ಲಿ ಅವಳಿಗೆ ತಲೆನೋವು ಹಿಡಿಯಿತು. ಬೆಳಿಗ್ಗೆ ಎದ್ದರೆ ಹಣೆಗೆ ಪಟ್ಟಿ ಬಿಗಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ವಾಕರಿಕೆ. ಕೈಕಾಲು ಸೀಸದಷ್ಟು ಭಾರ.

"ವಯಸ್ಸಾಯ್ತು ಕಣೇ ಪೊಲ್ದಾ" ಎನ್ನುತ್ತಿದ್ದಳು.

"ನನಗೂ ಆಗಿದೆ. ನನ್ನ ತಲೆ ನೋಯಲ್ಲ."

"ನಿನ್ನ ತಲೇಲಿ ನೋಯೋಕೆ ಏನಿದೆ ಹೇಳು."

ತಮಾಷೆಗೆ ಕೊರತೆಯಿರಲಿಲ್ಲ. ಡಿಸೆಂಬರಿನಲ್ಲಿ ಅವಳು ಸಮುದ್ರದ ಬದಿಯ ಇಜೋಲಾದಲ್ಲಿರುವ ತಂಗಿ ಮಿಮಿಯ ಮನೆಗೆ ಒಂದು ವಾರ ಹೋದಳು. ತಲೆನೋವು ಮಾಯ. ಹುರಿದ ಮೀನು ತಿಂದಳು, ದಡದ ಮೇಲೆ ನಡೆದಳು, ಕೆನ್ನೆಗೆ ಬಣ್ಣ ಬಂತು. ಮನೆಗೆ ವಾಪಸು ಬಂದ ಮಾರನೆಯ ದಿನವೇ ಮತ್ತೆ ಹಣೆಗೆ ಪಟ್ಟಿ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಗಂಡಸರು ಎದುರಿನ ಹೋಟೆಲಿನಲ್ಲಿ ಕೂರುತ್ತಾರಲ್ಲ, ಅಲ್ಲಿ ರೂಡಿ ಫ್ಲೋರ್ಯಾನನ ಭುಜ ತಟ್ಟಿದ. ರೂಡಿ ಎಂದರೆ ಊರಿನ ಹಂದಿಗಳನ್ನೆಲ್ಲ ಕೊಯ್ದು ಕೊಡುವವನು, ಬಾಯಿಯೂ ಅವನ ಚೂರಿಯ ಹಾಗೇ. "ಏನಪ್ಪಾ ಫ್ಲೋರ್ಯಾನ್, ನಿನ್ ಹೆಂಡ್ತಿಗೆ ನೀನೇ ಒಗ್ಗಲ್ವಂತೆ? ದೂರ ಹೋದ್ರೆ ವಾಸಿಯಾಗ್ತಾಳಂತೆ?"

ಎಲ್ಲರೂ ನಕ್ಕರು. ಫ್ಲೋರ್ಯಾನನೂ ನಕ್ಕ. ಆದರೆ ಆ ಸಂಜೆ ಹಸುಗಳಿಗೆ ಹುಲ್ಲು ಹಾಕುವಾಗ ಬೇಲಿಯ ಮೇಲೆ ಬಾಗಿ ನನ್ನನ್ನು ಕೇಳಿದ: "ಪೊಲ್ದಾ, ನಿಜ ಹೇಳು. ಅವಳಿಗೆ ಇಲ್ಲಿ ಬೇಜಾರಾಗಿದ್ಯಾ? ತಂಗಿ ಹತ್ರಾನೇ ಇರೋ ಆಸೆ ಏನಾದ್ರೂ ನಿನ್ ಹತ್ರ ಹೇಳಿದ್ಲಾ?"

ಅರವತ್ತೇಳರ ಗಂಡಸು. ಮರ ಬೀಳಿಸುವಾಗ ರೆಪ್ಪೆ ಅಲುಗಿಸದವನು.

ಈಗ ಅವರ ನೆಲಮಾಳಿಗೆಗೆ ಒಮ್ಮೆ ಇಳಿಯೋಣ. ಅಲ್ಲಿ ಬಾಯ್ಲರ್ ಇತ್ತು. ಫ್ಲೋರ್ಯಾನನ ಅಪ್ಪ ಕೂರಿಸಿದ್ದು. ಎರಕದ ಕಬ್ಬಿಣದ ದೊಡ್ಡ ಗೂಳಿ. ಅದರ ಕೆಳಗೆ ಗಾಳಿ ಒಳಬಿಡುವ ಒಂದು ಪುಟ್ಟ ಬಾಗಿಲು. ಸೌದೆ ಹೆಚ್ಚು ಹೊತ್ತು ಬಾಳಲಿ ಎಂದು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವನೂ ಮಾಡುತ್ತಿದ್ದ. ತುಂಬ ಸೌದೆ ತುರುಕಿ ಆ ಗಾಳಿಬಾಗಿಲನ್ನು ಮುಚ್ಚಿಬಿಡುವುದು. ಬೆಂಕಿ ಉರಿಯುವುದಿಲ್ಲ, ಸಾಯುವುದೂ ಇಲ್ಲ. ಹೊಗೆಯಾಡುತ್ತ ಬೆಳಗಿನ ತನಕ ಕೆಂಡ ಉಳಿಯುತ್ತದೆ. ಅದನ್ನು ಜಾಣತನವೆಂದು ನಮಗೆ ನಮ್ಮ ಹಿರಿಯರು ಕಲಿಸಿದ್ದು.

ಗೋಡೆಯಲ್ಲಿ ಒಂದು ತೂತಿತ್ತು, ಹೊರಗಿನ ಗಾಳಿ ಬರಲೆಂದು. ಕಿಟಕಿ ಬದಲಾಯಿಸಿದಾಗ ಚಿಮಣಿ ಗುಡಿಸುವ ಬೋರುತ್ ಹಟ ಹಿಡಿದು ಕೊರೆಸಿದ್ದು. "ಮೊದಲು ಕಿಟಕಿ ಸಂದಿಯಿಂದ ಗಾಳಿ ಬರ್ತಿತ್ತು, ಈಗ ಬರಲ್ಲ. ಬಾಯ್ಲರು ಉಸಿರಾಡ್ಬೇಕಲ್ಲ" ಎಂದಿದ್ದ. ಮೊದಲ ಹಿಮ ಬಿದ್ದ ದಿನ ಫ್ಲೋರ್ಯಾನ್ ಆ ತೂತಿಗೆ ಗೋಣಿಚೀಲ ತುರುಕಿದ. ಯಾಕೆಂದರೆ ಅದೇ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಇತ್ತು, ಹುಳಿ ಎಲೆಕೋಸಿನ ಪೀಪಾಯಿ ಇತ್ತು. ಅವಕ್ಕೆ ಚಳಿ ಹೊಡೆಯಬಾರದಲ್ಲ.

ಸೌದೆಯ ವಿಚಾರವೂ ಹೀಗೆಯೇ. ರಸ್ತೆಗೆ ಮುಖ ಮಾಡಿದ ಗೋಡೆಯುದ್ದಕ್ಕೂ, ಸೂರಿನ ಕೆಳಗೆ, ಅವನ ಸೌದೆಯ ಒಟ್ಟಲು ನೋಡಬೇಕಿತ್ತು. ಬೀಚ್ ಮರದ ಬಿಳಿ ಸೀಳುಗಳು, ಒಂದರ ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಮುಂದಿಲ್ಲ. ಬಸ್ಸಿನಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಮೂರು ವರ್ಷ ಒಣಗಿದ ಸೌದೆ, ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ. ಅದನ್ನು ಮುಟ್ಟುವಂತಿರಲಿಲ್ಲ! ಅಂದ ಕೆಡುತ್ತದೆ. ಬಾಯ್ಲರಿಗೆ ಹೋಗುತ್ತಿದ್ದದ್ದು ಕೊಟ್ಟಿಗೆಯ ಹಿಂದಿನದು. ಅದೇ ಬೇಸಿಗೆಯಲ್ಲಿ ಕಡಿದದ್ದು, ಇನ್ನೂ ಒದ್ದೆ, ಬೆಂಕಿಗೆ ಹಾಕಿದರೆ ತುದಿಯಲ್ಲಿ ನೊರೆ ಬಿಡುವಂಥದ್ದು. ನಗಬೇಡಿ. ನಮ್ಮ ಕಣಿವೆಯಲ್ಲಿ ಅರ್ಧ ಮನೆಗಳು ಹೀಗೇ ನಡೆಯುತ್ತವೆ. ಒಣಗಿದ್ದು ನೋಡುವವರಿಗೆ, ಹಸಿಯದ್ದು ನಮಗೆ.

ಜನವರಿಯಲ್ಲಿ ಅವರ ಮನೆಯಲ್ಲಿ ಹಂದಿ ಕೊಯ್ಯುವ ದಿನ ಬಂತು. ನಮ್ಮಲ್ಲಿ ಅದು ಹಬ್ಬದಷ್ಟೇ. ಗಂಡಸರು ಅಂಗಳದಲ್ಲಿ, ಹೆಂಗಸರು ಅಡುಗೆಮನೆಯಲ್ಲಿ. ಬೆಳಗಿನಿಂದ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಕೊಬ್ಬು ಕರಗುತ್ತಿತ್ತು. ಹೊರಗೆ ಮೂಗು ಉದುರುವ ಚಳಿ. ಹೊಸ ಕಿಟಕಿಗಳೆಲ್ಲ ಭದ್ರ. ಜಿಡ್ಡಿನ ಹಬೆ ಗೋಡೆಗೆ ಹಿಡಿಯದಿರಲೆಂದು ತಿಲ್ಕಾ ಒಲೆಯ ಮೇಲಿನ ಗಾಳಿ ಎಳೆಯುವ ಫ್ಯಾನನ್ನು ಜೋರಾಗಿ ಹಾಕಿದ್ದಳು. ಫ್ಲೋರ್ಯಾನ್ ಅಂಗಳದ ಕೆಲಸಕ್ಕೆ ಹೋಗುವ ಮೊದಲು ಬಾಯ್ಲರಿಗೆ ಬಾಯಿತುಂಬ ಹಸಿಸೌದೆ ತುಂಬಿ ಗಾಳಿಬಾಗಿಲು ಮುಚ್ಚಿದ್ದ. ಮಧ್ಯಾಹ್ನದವರೆಗೆ ಆ ಕಡೆ ನೋಡುವುದೇ ಬೇಡ ಎಂದು.

ನಾನು ಸಾಸೇಜಿಗೆ ಬೆಳ್ಳುಳ್ಳಿ ಜಜ್ಜುತ್ತಿದ್ದೆ. ತಲೆ ಸುತ್ತಿದ ಹಾಗಾಯಿತು.

"ರೂಡಿಯ ಬ್ರಾಂದಿ ಈ ಸಲ ಭಾರಿ ಖಡಕ್ಕು ಕಣೇ" ಎಂದೆ.

"ನೀನು ಕುಡಿದಿದ್ದು ಒಂದು ಗುಟುಕು. ನಾನು ಅದೂ ಕುಡಿದಿಲ್ಲ, ನನಗೂ ಸುತ್ತುತ್ತಿದೆ" ಎಂದಳು ತಿಲ್ಕಾ. "ನಿಂತ್ಕೋ, ಕೆಳಗೆ ಹೋಗಿ ಮೆಣಸಿನ ಡಬ್ಬಿ ತಂದುಬಿಡ್ತೀನಿ. ಹಾಗೇ ಬಾಯ್ಲರನ್ನೂ ನೋಡ್ಕೊಂಡು ಬರ್ತೀನಿ."

ಹೋದವಳು ಬರಲಿಲ್ಲ. ಕೂಗಿದೆ, ಉತ್ತರವಿಲ್ಲ. ಮೆಟ್ಟಿಲ ಬಾಗಿಲಿಗೆ ಹೋಗಿ ಬಗ್ಗಿ ನೋಡಿದರೆ ಕೆಳಗಿನ ಮೆಟ್ಟಿಲ ಮೇಲೆ ಅವಳ ನೀಲಿ ಏಪ್ರನ್ ಕಾಣಿಸಿತು. ಅವಳು ಗೋಡೆಗೆ ಒರಗಿ ಕುಳಿತಿದ್ದಳು, ಕಣ್ಣು ಅರ್ಧ ತೆರೆದಿತ್ತು. ಇಳಿಯಲು ಹೊರಟೆ. ನನ್ನ ಮಂಡಿ ಮಡಚಿಕೊಂಡಿತು. ಅಷ್ಟರಲ್ಲಿ ಕೆಳಗಿನ ಗಾಳಿಯೇ ಕೆಟ್ಟಿದೆ ಎಂದು ಹೊಳೆಯಿತು, ದೇವರೇ ಹೊಳೆಸಿದ. ತಿರುಗಿ ಅಂಗಳದ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆರೆದು, ಕೆಳಗೆ ಉಸಿರಾಡಬೇಡಿ ಎಂದು ಕಿರುಚಿದೆ.

ರೂಡಿ ರಕ್ತದ ಕೈಯಲ್ಲೇ ಓಡಿಬಂದ. ಉಸಿರು ಬಿಗಿಹಿಡಿದು ಇಳಿದು, ಅವಳನ್ನು ಹಿಟ್ಟಿನ ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಮೇಲೆ ಬಂದು ಹಿಮದ ಮೇಲೆ ಮಲಗಿಸಿದ. ಫ್ಲೋರ್ಯಾನ್ ತನ್ನ ಕೋಟು ಬಿಚ್ಚಿ ಅವಳ ಮೇಲೆ ಹೊದಿಸಿ, ಅವಳ ಕೆನ್ನೆ ಹಿಡಿದುಕೊಂಡ. "ತಿಲ್ಕಾ. ತಿಲ್ಕೀ. ನೋಡೇ ಇಲ್ಲಿ. ನನ್ನ ನೋಡೇ." ಅವಳು ನೋಡಿದಳು, ಆದರೆ ಅವನು ಯಾರೆಂದು ಗೊತ್ತಾಗದವಳ ಹಾಗೆ ನೋಡಿದಳು.

ಆಂಬುಲೆನ್ಸ್ ಬಂತು. ಅವಳಿಗೂ ನನಗೂ ಮೂಗುಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದರು. ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ನೋಡಿದ ವೈದ್ಯೆ ಕೇಳಿದ ಮೊದಲ ಪ್ರಶ್ನೆ, "ಮನೇಲಿ ಯಾವ ಒಲೆ ಉರಿಸ್ತೀರಿ?" ಎಂದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಅದು. ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಸೌದೆ ಅರೆಬೆಂದು ಹೊಗೆಯಾಡಿದಾಗ ಹುಟ್ಟುತ್ತದೆ.

"ಹೊಗೆ ಇರ್ಲಿಲ್ಲ ಡಾಕ್ಟ್ರೇ" ಎಂದ ಫ್ಲೋರ್ಯಾನ್. "ವಾಸನೆ ಕೂಡ ಇರ್ಲಿಲ್ಲ. ನನ್ನ ಮೂಗು ಚೆನ್ನಾಗಿದೆ."

"ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಾಯಿ ಮೂಗಿದ್ರೂ ಗೊತ್ತಾಗಲ್ಲ. ಇವರಿಗೆ ಎಷ್ಟು ದಿನದಿಂದ ತಲೆನೋವು?"

"ನವೆಂಬರಿಂದ."

"ಮನೆ ಬಿಟ್ಟು ಹೋದಾಗ ಕಡಿಮೆಯಾಗ್ತಿತ್ತಾ?"

ಫ್ಲೋರ್ಯಾನ್ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗಿದ್ದನ್ನು ನಾನು ಮಂಚದಿಂದ ನೋಡಿದೆ.

ಕೆಲವು ದಿನಗಳ ನಂತರ ತಿಲ್ಕಾ ಮಾತಾಡುವಷ್ಟು ಚೇತರಿಸಿಕೊಂಡಳು. ಗಂಡ ಅವಳನ್ನು ಕರೆದೊಯ್ಯಲು ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದ. ಅವಳು ಅವನ ಕೈ ಹಿಡಿದೇ ಹೇಳಿದಳು: "ನಾನು ನಿನ್ನ ಬಿಟ್ಟು ಹೋಗ್ತಿಲ್ಲ. ಆ ಬಾಯ್ಲರನ್ನ ಬಿಟ್ಟು ಹೋಗ್ತಿದೀನಿ. ಅದು ಮನೇಲಿರೋ ತನಕ ನಾನು ಮಿಮಿ ಹತ್ರ ಇರ್ತೀನಿ. ಅದು ಹೋದ ದಿನ ಫೋನ್ ಮಾಡು, ಬಸ್ ಹತ್ತಿ ಬರ್ತೀನಿ."

ಈಗ ನೀವು ಅಂದುಕೊಳ್ಳಬಹುದು, ಅವನು ಮಾರನೆಯ ದಿನವೇ ಹೊಸ ಬಾಯ್ಲರ್ ತಂದನೆಂದು. ಇಲ್ಲ. ಮನುಷ್ಯರು ಹಾಗಲ್ಲ. ಅವನು ಮೊದಲು ಬೈದದ್ದು ಕಿಟಕಿಗಳನ್ನು.

"ಅಪ್ಪನ ಕಾಲದಿಂದ ಅದೇ ಬಾಯ್ಲರು, ಯಾರಿಗೆ ಏನಾಗಿತ್ತು? ಕಿಟಕಿ ಬಂತು, ಶನಿ ಬಂತು. ಹಳೇ ಕಿಟಕಿ ಕೊಟ್ಟಿಗೆಯ ಅಟ್ಟದಲ್ಲೇ ಇದೆ. ವಾಪಸ್ ಹಾಕ್ತೀನಿ."

ಬೋರುತ್ ಆಗ ಚಿಮಣಿ ಪರೀಕ್ಷಿಸಲು ಬಂದಿದ್ದ. ಕರಿ ಬಟ್ಟೆ, ಬೆಳ್ಳಿ ಗುಂಡಿಗಳು, ನಿಲ್ಲದ ಬಾಯಿ. ದಾರಿಯಲ್ಲಿ ಸಿಕ್ಕ ಹುಡುಗಿಯರು ಅದೃಷ್ಟಕ್ಕೆಂದು ಅವನ ಗುಂಡಿ ಮುಟ್ಟುತ್ತಾರೆ, ಅವನೂ ಬೇಡ ಎನ್ನುವುದಿಲ್ಲ. ಅಂದು ಮಾತ್ರ ಅವನಿಗೆ ತಮಾಷೆ ಬೇಕಿರಲಿಲ್ಲ. ಗೋಡೆಯ ತೂತಿನಿಂದ ಗೋಣಿಚೀಲ ಎಳೆದು ಫ್ಲೋರ್ಯಾನನ ಕೈಗೆ ಕೊಟ್ಟ.

"ಇದನ್ನ ಹಾಕಿದ್ದು ಕಿಟಕೀನಾ?"

"ಆಲೂಗಡ್ಡೆ..."

"ಆಲೂಗಡ್ಡೆ ಬೆಚ್ಚಗಿದೆ, ನೋಡ್ದೆ. ಬಾ ಇಲ್ಲಿ." ಚಿಮಣಿಯ ಕೆಳಬಾಗಿಲು ತೆಗೆದು ಟಾರ್ಚ್ ಹಿಡಿದ. ಒಳಗಿನ ಗೋಡೆ ಕರಿ ಗಾಜಿನ ಹಾಗೆ ಮಿನುಗುತ್ತಿತ್ತು. "ಡಾಂಬರು. ಹಸಿಸೌದೆ ಹೊಗೆಯಾಡಿದ್ರೆ ಹೀಗೇ ಅಂಟೋದು. ಒಂದು ದಿನ ಇದಕ್ಕೆ ಕಿಡಿ ತಗುಲಿದ್ರೆ ಚಿಮಣಿ ಮಾತ್ರ ಅಲ್ಲ, ಸೂರೂ ಹೋಗುತ್ತೆ. ಶರತ್ಕಾಲದಲ್ಲಿ ಹೇಳಿದ್ದೆ. ಆಗ ನೀನೇನಂದೆ?"

"ಬ್ರಾಂದಿ ಕುಡಿ ಅಂದೆ" ಎಂದ ಫ್ಲೋರ್ಯಾನ್ ತಲೆ ತಗ್ಗಿಸಿ.

"ಕುಡಿದೆ. ಅದೂ ನನ್ನ ತಪ್ಪೇ. ಈಗ ಕೇಳು. ಅಡುಗೆಮನೆ ಫ್ಯಾನು ಮನೆಯ ಗಾಳೀನ ಹೊರಗೆ ಎಳೀತಿತ್ತು. ಬೇರೆ ಗಾಳಿ ಎಲ್ಲಿಂದ ಬರ್ಬೇಕು? ತೂತು ಮುಚ್ಚಿದೀಯ, ಕಿಟಕಿ ಭದ್ರ. ಉಳಿದಿದ್ದು ಚಿಮಣಿ. ಮೇಲೆ ಹೋಗ್ಬೇಕಾದ ವಿಷಗಾಳಿ ಕೆಳಗೆ ಬಂತು. ಹಳೇ ಕಿಟಕಿ ಹಾಕಿದ್ರೆ ನಿನ್ನ ಸೌದೆಯ ಬಿಸಿಯೆಲ್ಲ ಬೀದಿಗೆ, ತಪ್ಪು ಹಾಗೇ ಉಳಿಯುತ್ತೆ."

ಫ್ಲೋರ್ಯಾನ್ ಅರ್ಧ ಒಪ್ಪಿದ. ಆ ಅರ್ಧದಲ್ಲೇ ಮುಂದಿನ ಎಡವಟ್ಟು. ಯಾರಿಗೂ ಹೇಳದೆ ಟ್ರಾಕ್ಟರಿಗೆ ಗಾಡಿ ಕಟ್ಟಿಕೊಂಡು ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋದ. ಅಲ್ಲಿನವರು ಬದಲಾಯಿಸಿ ಎಸೆದ ಸಾಮಾನು ನಮಗೆ ಹೊಸದರಂತೆ ಕಾಣುತ್ತದೆ. ನಮ್ಮೂರ ಟ್ರಾಕ್ಟರು, ಬಾತ್‌ಟಬ್ಬು, ಚರ್ಚಿನ ಕುರ್ಚಿಗಳ ತನಕ ಎಲ್ಲ ಹಾಗೇ ಬಂದಿವೆ. ಸಂಜೆ ಹಸಿರು ಬಣ್ಣದ ಒಂದು ಬಾಯ್ಲರ್ ಹೇರಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ.

"ಏ ನೆರೆಯವ್ಳೇ, ನೋಡು ಬಾ! ಅರ್ಧಕ್ಕರ್ಧ ಬೆಲೆ! ಆಸ್ಟ್ರಿಯಾದ ಮಾಲು!"

ಬೋರುತ್ ಅದನ್ನು ಸುತ್ತುಹಾಕಿ ನೋಡಿದ. ಬಾಗಿಲು ತೆಗೆದ, ಮುಚ್ಚಿದ. "ಬಣ್ಣ ಚೆನ್ನಾಗಿದೆ" ಎಂದ.

"ಅಷ್ಟೇನಾ?"

"ಅಷ್ಟೇ. ನಿಮ್ಮಪ್ಪನ ಬಾಯ್ಲರಿನ ದೊಡ್ಡಪ್ಪನ ಮಗ ಇದು. ಅದೇ ಜಾತಿ, ಅದೇ ಬುದ್ಧಿ. ನಾನು ಇದಕ್ಕೆ ಚಿಮಣಿ ಜೋಡಿಸಲ್ಲ. ಹಳೇದಕ್ಕೆ ಸರ್ಕಾರದ ಸಹಾಯಧನಾನೂ ಇಲ್ಲ. ನಿನ್ನ ಹೆಂಡತಿಗೆ ಏನಂತ ಫೋನ್ ಮಾಡ್ತೀಯ? ಹೊಸ ಯಮ ಬಂದಿದಾನೆ, ಹಸಿರು ಬಣ್ಣ ಅಂತಾನಾ?"

ಫ್ಲೋರ್ಯಾನ್ ಒಳಗೆ ಹೋದ. ಆ ಫೆಬ್ರವರಿಯೆಲ್ಲ ಅವನು ಅಡುಗೆಮನೆಯಲ್ಲಿ ಒಂದು ಸಣ್ಣ ವಿದ್ಯುತ್ ಹೀಟರ್ ಇಟ್ಟುಕೊಂಡು, ಕೋಟು ತೊಟ್ಟೇ ಊಟ ಮಾಡಿ, ಕೋಟು ತೊಟ್ಟೇ ಮಲಗುತ್ತಿದ್ದ. ಬಾಯ್ಲರನ್ನು ಹೊತ್ತಿಸಲು ಅವನಿಗೇ ಧೈರ್ಯವಿರಲಿಲ್ಲ. ನಾನು ಸೂಪು ಕೊಂಡುಹೋದಾಗ ಅವನು ಮೇಜಿನ ಆ ಕಡೆಯ ಖಾಲಿ ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿಟ್ಟಿದ್ದ. ನೋಡಲಾಗದೆ ಹಾಗೆ ಮಾಡಿದ್ದಿರಬೇಕು.

"ಫ್ಲೋರ್ಯಾನ್, ಸೂಪು ಆಮೇಲೆ. ಎದ್ದೇಳು. ನನ್ನ ಮನೆಗೆ ಬಾ" ಎಂದೆ.

"ಆ ಕೋಳಿಮೇವಿನ ಒಲೆ ನೋಡೋಕಾ?"

ನನ್ನ ಬಾಯ್ಲರಿಗೆ ಅವನಿಟ್ಟ ಹೆಸರು ಅದು. ನನ್ನ ಗಂಡ ತೀರಿಹೋದ ಮೇಲೆ ಸೌದೆ ಒಡೆಯಲು ನನ್ನಿಂದಾಗದೆ ಮರದ ಗುಳಿಗೆಯ ಬಾಯ್ಲರ್ ಹಾಕಿಸಿದ್ದೆ. ಸಾಮಿಲ್ಲಿನ ಹೊಟ್ಟನ್ನು ಒತ್ತಿ ಮಾಡಿದ, ಪೆನ್ಸಿಲ್ ತುಂಡಿನಷ್ಟು ದಪ್ಪದ ಗುಳಿಗೆಗಳು. ನೋಡಿದರೆ ಕೋಳಿಮೇವಿನ ಹಾಗೆಯೇ ಇರುತ್ತವೆ, ಅವನ ಮೇಲೆ ಕೋಪವಿಲ್ಲ.

ನನ್ನ ನೆಲಮಾಳಿಗೆಗೆ ಇಳಿದು ಅವನು ಮೊದಲು ಮಾಡಿದ್ದು ಮೂಗು ಅರಳಿಸಿ ಉಸಿರೆಳೆದದ್ದು. ಬಟ್ಟೆ ಒಣಹಾಕಿದ್ದೆ, ಸೋಪಿನ ವಾಸನೆ ಬರುತ್ತಿತ್ತು. ಯಂತ್ರ ತನ್ನಷ್ಟಕ್ಕೆ ಸದ್ದು ಮಾಡಿ, ಗುಳಿಗೆ ಎಳೆದುಕೊಂಡು, ಹೊತ್ತಿಕೊಂಡಿತು. ಅವನು ಬೆಚ್ಚಿದ.

"ಯಾರು ಹೊತ್ಸಿದ್ದು?"

"ಅದೇ. ಬೇಕಾದಷ್ಟು ಗಾಳಿ ತಾನೇ ಎಳ್ಕೊಳ್ಳುತ್ತೆ, ಹೊರಗಿನಿಂದ, ಈ ಕೊಳವೆಯಲ್ಲಿ. ಮನೆಯ ಗಾಳಿ ಮುಟ್ಟಲ್ಲ. ಬಿಸಿ ಸಾಕಾದ್ರೆ ತಾನೇ ನಿಲ್ಲುತ್ತೆ."

"ಇದರ ಕೆಟ್ಟದ್ದು ಹೇಳು. ಒಳ್ಳೇದನ್ನ ಅಂಗಡಿಯವನು ಹೇಳ್ತಾನೆ."

ಆ ಪ್ರಶ್ನೆ ನನಗೆ ಹಿಡಿಸಿತು. ಮುಚ್ಚಿಡದೆ ಹೇಳಿದೆ. ಕರೆಂಟು ಹೋದರೆ ಇದೂ ನಿಲ್ಲುತ್ತದೆ. ಬೂದಿಯ ಡಬ್ಬಿ ನಾನೇ ಖಾಲಿ ಮಾಡಬೇಕು. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬರಬೇಕು, ಅವನು ಪುಕ್ಕಟೆ ಬರುವುದಿಲ್ಲ. ಒಂದು ವರ್ಷ ಗುಳಿಗೆಯ ಬೆಲೆ ಎಷ್ಟು ಏರಿತೆಂದರೆ ನಾನು ಅಂಗಡಿಯಲ್ಲೇ ಅತ್ತುಬಿಟ್ಟಿದ್ದೆ. ಚೀಲ ಒದ್ದೆಯಾದರೆ ಗಂಜಿಯಾಗುತ್ತದೆ, ಹಾಗಾಗಿ ಒಣ ಜಾಗ ಬೇಕೇ ಬೇಕು.

ಅವನು ಕೈಯನ್ನು ಬಿಸಿಕೊಳವೆಯ ಮೇಲಿಟ್ಟ. ಆಮೇಲೆ ಅವನ ಮನಸ್ಸಿನೊಳಗಿದ್ದದ್ದು ಹೊರಬಂತು.

"ನನ್ನ ಕಾಡು ಏನಾಗ್ಬೇಕು ಪೊಲ್ದಾ? ಮುತ್ತಜ್ಜ ನೆಟ್ಟಿದ್ದು. ಸುತ್ತ ಮರ ಇಟ್ಕೊಂಡು ನಾನು ಅಂಗಡಿಗೆ ಹೋಗಿ ಚೀಲದಲ್ಲಿ ಮರ ತರ್ಬೇಕಾ? ನೋಡಿದೋರು ಏನಂತಾರೆ? ಇನ್ನು ನಾನು ಬೆಳಿಗ್ಗೆ ಎದ್ದು ಮಾಡೋದಾದ್ರೂ ಏನು?"

ಅವನ ಹಟದ ಬೇರು ಅಲ್ಲಿತ್ತು. ಜಿಪುಣತನವಲ್ಲ, ತಾನು ಯಾರಿಗೂ ಬೇಡವಾಗುತ್ತೇನೆಂಬ ಭಯ. ನಾನು ಬೋರುತನಿಗೆ ಫೋನ್ ಮಾಡಿದೆ. ಅವನು ದಾರಿ ತೋರಿಸಿದ: ಸೌದೆಯನ್ನೂ ಗುಳಿಗೆಯನ್ನೂ ಎರಡನ್ನೂ ಉರಿಸುವ ಬಾಯ್ಲರ್ ಇದೆ. ಜೊತೆಗೆ ಬಿಸಿನೀರಿನ ದೊಡ್ಡ ತೊಟ್ಟಿ.

"ದಿನಕ್ಕೊಂದು ಸಲ ನಿನ್ನದೇ ಸೌದೆ ತುಂಬು" ಎಂದ ಮಾರನೆಯ ದಿನ ಬಂದು. "ಗಾಳಿ ಪೂರ್ತಿ ಬಿಟ್ಟು ಧಗಧಗ ಉರಿಸು. ಹೊಗೆಯೇ ಉರಿದುಹೋಗುತ್ತೆ, ಒಳಗಿರೋ ಫ್ಯಾನು ನೋಡ್ಕೊಳ್ಳುತ್ತೆ. ಬಂದ ಬಿಸಿಯೆಲ್ಲ ತೊಟ್ಟಿಯ ನೀರಿಗೆ. ಬೆಂಕಿ ಆರಿದ್ರೂ ಬೆಳಗಿನ ತನಕ ಮನೆ ಬೆಚ್ಚಗೆ. ಬೆಂಕೀನ ಕತ್ತು ಹಿಸುಕಿ ಇಟ್ಕೊಳ್ಳೋ ಕೆಲಸ ಇಲ್ಲ. ನಿನಗೆ ಸೊಂಟ ಹಿಡಿದ ದಿನ ಗುಳಿಗೆ ತಾನಾಗಿ ಶುರುವಾಗುತ್ತೆ. ಒಂದೇ ಷರತ್ತು."

"ಏನು?"

"ಒಣಸೌದೆ. ಎರಡು ಬೇಸಿಗೆ ಕಂಡಿದ್ದು. ಹಸಿಯದ್ದು ಹಾಕಿದ್ರೆ ಇದೂ ಡಾಂಬರು ಕಕ್ಕುತ್ತೆ, ಆಮೇಲೆ ನನ್ನ ಬೈಬೇಡ."

ಫ್ಲೋರ್ಯಾನ್ ಹೊರಗೆ ಹೋಗಿ ರಸ್ತೆಬದಿಯ ಒಟ್ಟಲಿನ ಮುಂದೆ ನಿಂತ. ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಮೇಲಿನ ಸಾಲಿನಿಂದ ಒಂದು ಸೀಳು ಎಳೆದ, ಇನ್ನೊಂದು ಎಳೆದ. ಬೀದಿಯಲ್ಲಿ ಹೋಗುತ್ತಿದ್ದ ರೂಡಿ ಗಾಡಿ ನಿಲ್ಲಿಸಿದ. "ಏನಾಯ್ತೋ, ಮನೆ ಮಾರ್ತಿದೀಯಾ?"

"ಇಲ್ಲ ಕಣೋ. ಸೌದೆ ಉರಿಸೋಕೆ ಇರೋದು ಅಂತ ಈಗ ಗೊತ್ತಾಯ್ತು."

ಹಣದ ದಾರಿಯನ್ನೂ ಹೇಳಬೇಕು, ಯಾಕೆಂದರೆ ಅಲ್ಲೇ ಬಹಳ ಜನ ಎಡವುತ್ತಾರೆ. ಹಳೆಯ ಸೌದೆ ಬಾಯ್ಲರ್ ತೆಗೆದು ಹೊಸದು ಹಾಕುವವರಿಗೆ ಸಹಾಯಧನ ಸಿಗಬಹುದು, ಆದರೆ ಕೊಂಡ ಮೇಲೆ ಕೇಳಿದರೆ ಆಗಲಿಕ್ಕಿಲ್ಲ. ಮೊದಲು ಅರ್ಜಿ, ಆಮೇಲೆ ಖರೀದಿ. ಅದಕ್ಕೆಂದೇ ಇರುವ ಸಲಹಾ ಕಚೇರಿಯಲ್ಲಿ ಕೂತು ಕೇಳಿ, ಕೇಳಿದ್ದಕ್ಕೆ ದುಡ್ಡಿಲ್ಲ. ಉಳಿದ ಹಣಕ್ಕೆ ಫ್ಲೋರ್ಯಾನ್ ತೊಗಟೆಹುಳ ಹಿಡಿದ ಸ್ಪ್ರೂಸ್ ಮರಗಳನ್ನು ಸಾಮಿಲ್ಲಿಗೆ ಮಾರಿದ, ಇನ್ನಷ್ಟನ್ನು ಕಂತಿನಲ್ಲಿ ಕಟ್ಟುತ್ತಿದ್ದಾನೆ. ಆ ಹಸಿರು ಬಾಯ್ಲರನ್ನು ಗುಜರಿಯವನಿಗೆ ಕೊಟ್ಟು ನಷ್ಟ ಮಾಡಿಕೊಂಡ. ಬೇರೆಯವರಿಗೆ ಮಾರಬಹುದಿತ್ತು. "ಯಾರ ಮನೆಗೆ ಮಾರ್ಲಿ ಹೇಳು" ಎಂದು ನನ್ನನ್ನೇ ಕೇಳಿದ. ಆಗ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಚೆರಿ ಹೂ ಬಿಟ್ಟ ಸಮಯಕ್ಕೆ ಅಪ್ಪನ ಬಾಯ್ಲರನ್ನು ತುಂಡು ಮಾಡಿ ಹೊರಗೆಳೆದರು. ಅದರ ಕೊನೆಯ ತುಂಡು ಗಾಡಿಗೇರುವಾಗ ಫ್ಲೋರ್ಯಾನ್ ಇಜೋಲಾಕ್ಕೆ ಫೋನ್ ಮಾಡಿ, ಏನೂ ಹೇಳದೆ ಫೋನನ್ನು ಗಾಡಿಯ ಕಡೆ ಹಿಡಿದ. ಕಬ್ಬಿಣದ ಗಡಗಡ ಸದ್ದು ಕೇಳಿದ ತಿಲ್ಕಾ, "ನಾಳೆ ಬಸ್ ನಿಲ್ದಾಣಕ್ಕೆ ಬಾ, ನನ್ನ ಚೀಲ ಭಾರ ಇದೆ" ಎಂದಳು.

ಹೊಸದು ಸೆಪ್ಟೆಂಬರಿನಲ್ಲಿ ಬಂತು. ಗೋಡೆಯ ಮೇಲೆ ವಿಷಗಾಳಿ ಬಂದರೆ ಕಿರುಚುವ ಒಂದು ಪುಟ್ಟ ಡಬ್ಬಿಯನ್ನೂ ಹಾಕಿದ್ದಾರೆ. ಮಲಗುವ ಕೋಣೆಯ ಹತ್ತಿರ ಇನ್ನೊಂದು. ಫ್ಲೋರ್ಯಾನ್ ಬೆಳಿಗ್ಗೆ ಎದ್ದು ಕಾಫಿ ಕುಡಿದು ತಾನೇ ಕೆಳಗಿಳಿದು ಸೌದೆ ತುಂಬುತ್ತಾನೆ. ತಿಲ್ಕಾಳನ್ನು ಮೆಟ್ಟಿಲು ಇಳಿಯಲು ಬಿಡುವುದಿಲ್ಲ. "ಎಲೆಕೋಸು ಬೇಕಾದ್ರೂ ನನ್ನ ಕೇಳು" ಎನ್ನುತ್ತಾನೆ. ಕಾಡಿನ ಕೆಲಸವೂ ನಿಂತಿಲ್ಲ, ಬೇಕಾಗುವ ಸೌದೆ ಮಾತ್ರ ಮೊದಲಿಗಿಂತ ಬಹಳ ಕಡಿಮೆ.

ಈಗ ನಿಮಗೆ ಒಂದು ಮಾತು, ಅಕ್ಕತಂಗಿಯರೇ, ಅಣ್ಣಂದಿರೇ. ಇದನ್ನು ಓದಿದ ಕೂಡಲೇ ನಿಮ್ಮ ನೆಲಮಾಳಿಗೆಗೆ ಇಳಿದು ನೋಡಿ. ಗಾಳಿ ಬರುವ ತೂತಿಗೆ ಏನಾದರೂ ತುರುಕಿದ್ದರೆ ತೆಗೆಯಿರಿ. ಬೆಂಕಿಯ ಗಾಳಿ ಮುಚ್ಚಿ ಹೊಗೆಯಾಡಿಸುವ ಜಾಣತನವನ್ನು ಇವತ್ತಿಗೇ ಬಿಡಿ. ಒಣಗಿದ ಸೌದೆಯನ್ನು ಉರಿಸಿ, ಹಸಿಯದ್ದನ್ನು ಒಣಗಲು ಬಿಡಿ. ಕಿಟಕಿ ಬದಲಾಯಿಸಿದ್ದರೆ, ಅಡುಗೆಮನೆಗೆ ಫ್ಯಾನ್ ಹಾಕಿಸಿದ್ದರೆ ಚಿಮಣಿಯವರನ್ನು ಕರೆಸಿ ತೋರಿಸಿ, ಅವರು ಹೇಳಿದ್ದನ್ನು ಕೇಳಿ, ಬ್ರಾಂದಿಯನ್ನು ಕೆಲಸ ಮುಗಿದ ಮೇಲೆ ಕೊಡಿ. ಎಚ್ಚರಿಕೆಯ ಡಬ್ಬಿಗೆ ಒಂದು ಜೊತೆ ಬೂಟಿನ ಬೆಲೆಯೂ ಇಲ್ಲ, ಅದನ್ನು ಈ ವಾರವೇ ತನ್ನಿ. ಮನೆಯವರಲ್ಲಿ ಯಾರಿಗಾದರೂ ಮನೆಯೊಳಗಿದ್ದಾಗ ಮಾತ್ರ ತಲೆನೋವು ಬಂದು ಹೊರಗೆ ಹೋದರೆ ಹೋಗುತ್ತಿದ್ದರೆ, ಅದು ವಯಸ್ಸು ಎನ್ನಬೇಡಿ, ಬೇಜಾರು ಎನ್ನಬೇಡಿ. ಕಿಟಕಿ ತೆರೆದು, ಎಲ್ಲರೂ ಹೊರಬಂದು, ಸಹಾಯಕ್ಕೆ ಫೋನ್ ಮಾಡಿ. ಹಳೆಯ ಬಾಯ್ಲರ್ ಇರುವವರು ಬರುವ ಚಳಿಗಾಲಕ್ಕೆ ಕಾಯದೆ ಈ ಬೇಸಿಗೆಯಲ್ಲೇ ಅರ್ಜಿ ಹಾಕಿ. ಯಾವುದು ನಿಮ್ಮ ಮನೆಗೆ ಹೊಂದುತ್ತದೆಂದು ನೋಡಬೇಕಿದ್ದರೆ ನನ್ನ ಮನೆಗೂ ಬನ್ನಿ, ಫ್ಲೋರ್ಯಾನನ ಮನೆಗೂ ಬನ್ನಿ. ಅವನು ಈಗ ಬಾಯ್ಲರ್ ತೋರಿಸುವಾಗ ನಿಲ್ಲಿಸುವುದೇ ಇಲ್ಲ, ಸಮಯ ಇಟ್ಟುಕೊಂಡು ಬನ್ನಿ.

ಕೊನೆಗೆ ಆ ಮನೆಗೆ ಆದದ್ದು ಇಷ್ಟು. ಮನೆ ಬೆಚ್ಚಗಿದೆ, ಚಿಮಣಿಯಿಂದ ಕಣ್ಣಿಗೆ ಕಾಣುವ ಹೊಗೆ ಬರುವುದಿಲ್ಲ, ತಿಲ್ಕಾ ತನ್ನ ಮನೆಯಲ್ಲಿ ತನ್ನ ಗಂಡನ ಜೊತೆ ಇದ್ದಾಳೆ, ತಲೆನೋವು ಮತ್ತೆ ಬಂದಿಲ್ಲ. ಚರ್ಚಿನ ಹಾಡುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ವಿಷಗಾಳಿ ಕುಡಿದ ಆ ಜನವರಿಯ ನಂತರ ಸಾಲುಗಳು ನಡುವೆಯೇ ನೆನಪಿನಿಂದ ಜಾರುತ್ತವೆ. ಈಗ ಫ್ಲೋರ್ಯಾನ್ ಪಕ್ಕದಲ್ಲಿ ನಿಂತು ಪುಸ್ತಕ ಹಿಡಿಯುತ್ತಾನೆ, ಅವಳು ನೋಡಿಕೊಂಡು ಹಾಡುತ್ತಾಳೆ. ಕಳೆದುಹೋದ ಸಾಲುಗಳು ಇನ್ನು ಬರಲಿಕ್ಕಿಲ್ಲ ಎಂದಿದ್ದಾರೆ ವೈದ್ಯರು. ಒಂದು ಚಳಿಗಾಲ ಮೊದಲೇ ಬಾಯ್ಲರ್ ಬದಲಾಯಿಸಿದ್ದರೆ ಅವೂ ಉಳಿಯುತ್ತಿದ್ದವು.